ಕುಣಿಯುವ ದಿನದ ಮಾತ್ರೆ

ನನ್ನ ಗಂಡ ಶಾಂತವೀರಪ್ಪನವರು ಕತ್ತಿ ಹಿಡಿದು ವೀರಗಾಸೆಗೆ ನಿಂತರೆ ಶೆಟ್ಟಿಕೊಪ್ಪದಲ್ಲಿ ಕೂತವರೂ ಎದ್ದು ನಿಲ್ಲುತ್ತಾರೆ. ಅಂಥವರು ಹೋದ ಶ್ರಾವಣದಲ್ಲಿ ಕುಣಿತದ ನಡುವೆಯೇ ಏದುಸಿರು ಬಿಡುತ್ತ ಕುಸಿದು ಕೂತರು.

"ಇನ್ನು ನನ್ನ ಕುಣಿತ ಮುಗೀತು ಮಾರಾಯ್ತಿ" ಅಂದರು. ಆ ಮುಖ ನೋಡಲಾಗದೆ ನಾನು ಬೇರೆಡೆ ತಿರುಗಿದೆ.

ನರಸಿಂಹರಾಜಪುರದ ಡಾಕ್ಟರ್ ಸುಮಲತಾ ಸ್ಕ್ಯಾನ್ ಮಾಡಿಸಿ, "ಬಿಪಿಯಿಂದ ಹೃದಯದ ಮಾಂಸಖಂಡ ದಪ್ಪ ಆಗಿದೆ" ಅಂದರು.

"ದಪ್ಪ ಆದ್ರೆ ಒಳ್ಳೇದೇ ಅಲ್ವಾ ಮೇಡಂ? ಗಟ್ಟಿ ಇದೆ ಅಂತಾಯ್ತು." ಇವರು ಎದೆ ಉಬ್ಬಿಸಿದರು.

"ತೋಳಿಗಾದ್ರೆ ಸೈ. ಹೃದಯ ಬಿಗಿಯಾದ್ರೆ ಸಡಿಲ ಆಗಲ್ಲ, ರಕ್ತ ಸರಿಯಾಗಿ ತುಂಬಲ್ಲ. ಕೂತಾಗ ಗೊತ್ತಾಗಲ್ಲ, ಕುಣಿಯುವಾಗ ಉಸಿರು ಸಾಲಲ್ಲ. ಬಿಪಿ ಮಾತ್ರೆ ದಿನಾ ತಗೊಳ್ತೀರಲ್ವಾ?"

"ತಪ್ಪಿಸೋದೇ ಇಲ್ಲ."

ನನಗೆ ರೇಗಿತು. "ಕುಣಿಯೋ ದಿನ?"

ಕುಣಿಯುವ ದಿನ ಇವರದು ಕಟ್ಟುನಿಟ್ಟಿನ ಉಪವಾಸ. ಕುಣಿತ ಮುಗಿಸಿ ಲಿಂಗಪೂಜೆ ಮಾಡುವ ತನಕ ಬಾಯಿಗೆ ಹನಿ ನೀರಿಲ್ಲ. ಶ್ರಾವಣದಲ್ಲಂತೂ ದಿನಕ್ಕೊಂದು ಊರಿನ ಕರೆ. ಹೃದಯ ಹೆಚ್ಚು ದುಡಿಯುವ ದಿನಗಳಲ್ಲೇ ಮಾತ್ರೆಗೆ ರಜೆ!

"ಹಿರಿಯರ ನೇಮ ಅದು" ಎಂದು ಗೊಣಗಿದರು.

"ನೇಮ ಬಿಡಿ ಅಂದೋರ್ಯಾರು?" ಅಂದೆ ನಾನು. "ಬೆಳಿಗ್ಗೆ ಬೇಗ ಎದ್ದು ಪೂಜೆ ಮಾಡಿ, ಮಾತ್ರೆ ನುಂಗಿ. ವೀರಭದ್ರ ಕೇಳೋದು ನಿಮ್ಮ ಕುಣಿತಾನ, ಖಾಲಿ ಹೊಟ್ಟೇನಲ್ಲ."

ಡಾಕ್ಟರ್ ನಕ್ಕರು. ಇವರು ನಗಲಿಲ್ಲ, ಆದರೆ ಮರುದಿನದಿಂದ ನನಗಿಂತ ಮೊದಲೇ ಏಳತೊಡಗಿದರು. ಬಿಪಿಗೆ ಉಪ್ಪು ಆಗದೆಂದು ಉಪ್ಪಿನಕಾಯಿ ಭರಣಿಯನ್ನು ನಾನು ಅಟ್ಟಕ್ಕೇರಿಸಿದೆ. ಮೊದಲು ಊರ ತಿರುವಿನ ತನಕ ನಡೆದವರು ನಿಧಾನವಾಗಿ ಏರುದಾರಿಯಲ್ಲೂ ನಿಲ್ಲದೆ ನಡೆದರು. ವರ್ಷ ತುಂಬುವಷ್ಟರಲ್ಲಿ ಡಾಕ್ಟರ್, "ಇನ್ನು ಕುಣೀರಿ, ಮಿತಿಯಲ್ಲಿ" ಅಂದರು. ನನಗೆ ಅವತ್ತು ಊಟ ಎರಡು ತುತ್ತು ಹೆಚ್ಚೇ ಸೇರಿತು.

ಈ ಶ್ರಾವಣದಲ್ಲಿ ಮುತ್ತಿನಕೊಪ್ಪದ ಒಂದು ಮನೆಯಂಗಳದಲ್ಲಿ ಕುಣಿದರು. ಹೆಜ್ಜೆ ಹಳೆಯದೇ, ಗತ್ತು ಹಳೆಯದೇ. ಒಳ್ಳೇ ರಂಗೇರಿದಾಗ ಥಟ್ಟನೆ ನಿಂತುಬಿಟ್ಟರು. ಹಿಂದಿನ ಸಾಲಿನಲ್ಲಿ ಕುಣಿಯುತ್ತಿದ್ದ ನಮ್ಮ ಮಗಳು ನಿಶ್ಚಿತಾಳನ್ನು ಕರೆದು ತಮ್ಮ ಕತ್ತಿಯನ್ನು ಅವಳ ಕೈಗಿಟ್ಟು, ಮುಂದಿನ ಸಾಲಿಗೆ ನಿಲ್ಲಿಸಿ ಹೊರಬಂದರು.

ನಾನು ಓಡಿಹೋಗಿ, "ಉಸಿರು ಕಟ್ತಾ?" ಎಂದು ಕೇಳಿದೆ.

"ಇಲ್ವೇ, ಇನ್ನೂ ಕುಣೀಬಹುದಿತ್ತು" ಎಂದು ನಕ್ಕರು. "ಅದಕ್ಕೇ ಈಗ ಕೊಟ್ಟೆ. ಸೋತು ಕೊಟ್ರೆ ಕೂಸಿಗೆ ಕತ್ತಿ ಭಾರ ಆಗ್ತದೆ."