ಹೊಸ ಪ್ಲಗ್ಗಿಗೆ ಇಟ್ಟ ಕೆಂಪು ಬೊಟ್ಟು

ಪಿಕಪ್ಪು ಕೆಮ್ಮಿತು, ಉಗುಳಿತು, ಒಮ್ಮೆ ಮೈಯೆಲ್ಲ ನಡುಗಿಸಿ ತಣ್ಣಗಾಯಿತು. ಸ್ಟಿಯರಿಂಗ್ ಹಿಂದೆ ಕೂತಿದ್ದ ಗಂಡ ಕಿಟಕಿಯಿಂದ ತಲೆ ಹೊರಹಾಕಿ, "ಏನ್ ಮಾಡೋದು, ಅದಕ್ಕೂ ವಯಸ್ಸಾಯ್ತಲ್ಲ," ಎಂದ. ಹಾಗೆನ್ನುವಾಗ ಮುಖದಲ್ಲಿ ಬೇಸರ ಇರಬೇಕಿತ್ತು. ಇರಲಿಲ್ಲ. ಷೆಡ್ಡಿನ ಬಾಗಿಲಲ್ಲಿ ನಿಂತಿದ್ದ ಅವಳು ಅದನ್ನು ಗಮನಿಸಿದಳು. ಗಮನಿಸದೆ ಬಿಡುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ವಿದ್ಯುತ್ ಇಲಾಖೆಯ ತನಿಖಾ ದಳದಲ್ಲಿ ಕೂದಲು ಹಣ್ಣಾಗುವವರೆಗೂ ದುಡಿದವಳು ಅವಳು. ಮೀಟರಿನ ಸೀಲು ಕೂದಲೆಳೆಯಷ್ಟು ಓರೆಯಾಗಿದ್ದರೂ ಸಾಕು, ಮನೆಯವರು ತಂದಿಟ್ಟ ಕುರ್ಚಿಯಲ್ಲಿ ಕೂರುವ ಮೊದಲೇ ಕಳ್ಳತನ ಹಿಡಿಯುತ್ತಿದ್ದಳು. ಜೊತೆಯವರು ಬೆನ್ನ ಹಿಂದೆ 'ಭೂತಗನ್ನಡಿ' ಎನ್ನುತ್ತಿದ್ದರು. ಅದೂ ಅವಳಿಗೆ ಗೊತ್ತಿತ್ತು. ನಿವೃತ್ತಿಯ ದಿನ ಇಲಾಖೆ ಗುರುತಿನ ಚೀಟಿಯನ್ನು ಹಿಂದಕ್ಕೆ ಪಡೆಯಿತು, ಅನುಮಾನವನ್ನು ಪಡೆಯಲು ಮರೆಯಿತು. ಅಂದಿನಿಂದ ಹಾಲಿನವನು, ತರಕಾರಿಯವಳು, ಪಕ್ಕದ ಮನೆಯ ಬೆಕ್ಕು, ಯಾರೂ ಅವಳ ಕಣ್ಣಿಗೆ ಪೂರ್ತಿ ನಿರಪರಾಧಿಗಳಲ್ಲ.

ಗಂಡ ಮಾತ್ರ ಈವರೆಗೆ ಆ ಪಟ್ಟಿಯಲ್ಲಿರಲಿಲ್ಲ. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದಲ್ಲಿದ್ದವನು. ಅಂಗಡಿಯ ಮೀಟರು ನೋಡಲು ಹೋದಾಗಲೇ ಇಬ್ಬರ ಪರಿಚಯ. ಮೀಟರು ಸರಿಯಾಗಿತ್ತು, ಹುಡುಗ ಮಾತುಗಾರನಾಗಿದ್ದ. ಕಾಲೇಜಿನ ದಿನಗಳಲ್ಲಿ ದೋಣಿ ಹಾಕಿಕೊಂಡು ಎಂತೆಂಥ ನದಿಗಳಲ್ಲಿ ತೇಲಿದೆ, ಯಾವ ಸುಳಿಯಿಂದ ಹೇಗೆ ಪಾರಾದೆ ಎಂದು ಅವನು ಹೇಳಿದ್ದನ್ನು ಅವಳು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೇಳಿದ್ದಳು. ಮದುವೆಯಾದ ಮೇಲೂ ಆ ನದಿಗಳು ಬತ್ತಲಿಲ್ಲ. "ರಿಟೈರ್ ಆಗ್ಲಿ, ನಿನ್ನನ್ನ ಒಂದೊಂದಕ್ಕೂ ಕರ್ಕೊಂಡು ಹೋಗ್ತೀನಿ," ಎಂದು ಅವನು ಹೇಳುವುದು, ಅವಳು ಅದನ್ನೇ ನೆಚ್ಚಿಕೊಂಡು ಬಿಸಿಲಲ್ಲಿ ಕಂಬದಿಂದ ಕಂಬಕ್ಕೆ ತಿರುಗುವುದು ನಡೆದೇ ಇತ್ತು.

ಈಗ ಇಬ್ಬರೂ ನಿವೃತ್ತರು. ಇಟ್ಟಿಗೆ ಗೂಡಿನವನೊಬ್ಬ ಮಾರಲಿಟ್ಟಿದ್ದ ಹಳೆಯ ಪಿಕಪ್ಪನ್ನು ಹುಡುಕಿದವಳು ಅವಳು. ಕನೂ ಎಂದು ಕರೆಯುವ, ಇಬ್ಬರೇ ಕೂರುವ ಸಪೂರ ದೋಣಿಯನ್ನು ಕೊಂಡವಳೂ ಅವಳೇ. ದೋಣಿ ಷೆಡ್ಡಿನ ತೊಲೆಗೆ ಹಗ್ಗದಲ್ಲಿ ತೂಗಾಡುತ್ತಿತ್ತು. ಕೆಳಗೆ ಪಿಕಪ್ಪು, ಅದರ ಕೆಳಗೆ ವಾರದ ರಜೆಯ ದಿನ ಬಂದು ಮಲಗುತ್ತಿದ್ದ ಮೆಕ್ಯಾನಿಕ್. ಏನು ಕೇಳಿದರೂ "ನಾಳೆ" ಎನ್ನುತ್ತಿದ್ದುದರಿಂದ ಬೀದಿಯವರು ಅವನಿಗೆ 'ನಾಳೆ ಮೇಸ್ತ್ರಿ' ಎಂದೇ ಹೆಸರಿಟ್ಟಿದ್ದರು. ಗೇರು ಸರಿಮಾಡಿದ, ಬ್ರೇಕು ಕಟ್ಟಿದ, ತುಕ್ಕು ತಿಂದಿದ್ದ ನೆಲಕ್ಕೆ ತಗಡು ಬೆಸೆದ. ಎಲ್ಲ ಮುಗಿದು, ಒಂದು ಸಂಜೆ ಪಿಕಪ್ಪು ಬೀದಿಯ ತುದಿಯವರೆಗೆ ಹೋಗಿಯೂ ಬಂದಿತ್ತು. ಆಮೇಲೆ ಹಿಡಿದದ್ದು ಈ ಕೆಮ್ಮು.

"ಪ್ಲಗ್ ಹೋಗಿದೆ ಅಕ್ಕಾ," ಎಂದು ನಾಳೆ ಮೇಸ್ತ್ರಿ ಬಿರುಕುಬಿಟ್ಟ, ಮಸಿ ಹಿಡಿದ ಸ್ಪಾರ್ಕ್ ಪ್ಲಗ್ಗುಗಳನ್ನು ಅಂಗೈಯಲ್ಲಿಟ್ಟು ತೋರಿಸಿದ.

"ಹೋದ ಸಲ ಹೊಸದು ಹಾಕಿದ್ರಲ್ಲ?"

"ಅದೇ ನನಗೂ ಅರ್ಥ ಆಗ್ತಿಲ್ಲ. ಇವು ನೋಡಿದ್ರೆ ನಮ್ಮಜ್ಜನ ಕಾಲದ ಥರ ಇವೆ."

ಕಿವಿ ಮೇಲೆ ಹೂವಿಡಲು ಬಂದಿದ್ದಾನೆ, ಎಂದುಕೊಂಡಳು ಅವಳು. ಹೊಸದರ ದುಡ್ಡು ವಸೂಲಿ ಮಾಡಿ ಯಾವುದೋ ಗುಜರಿ ಗಾಡಿಯ ಪ್ಲಗ್ಗು ಸಿಕ್ಕಿಸಿದ್ದಾನೆ. ಆದರೆ ಸಾಕ್ಷಿಯಿಲ್ಲದೆ ಬಾಯಿಬಿಡುವುದು ತನಿಖಾ ದಳದ ಕ್ರಮವಲ್ಲ. ತಾನೇ ಅಂಗಡಿಗೆ ಹೋಗಿ ಹೊಸ ಪ್ಲಗ್ಗು ತಂದಳು. ಒಂದೊಂದಕ್ಕೂ ಬಿಳಿ ಪಿಂಗಾಣಿಯ ಬುಡದಲ್ಲಿ ಉಗುರುಬಣ್ಣದಿಂದ ಸಾಸಿವೆಯಷ್ಟು ಕೆಂಪು ಬೊಟ್ಟಿಟ್ಟಳು. ಮೇಸ್ತ್ರಿ ಅವನ್ನು ತಿರುಗಿಸಿ ಬಿಗಿಮಾಡುವವರೆಗೂ ಕಣ್ಣು ಮಿಟುಕಿಸದೆ ಪಕ್ಕದಲ್ಲೇ ನಿಂತಳು. ಪಿಕಪ್ಪು ಒಂದೇ ಏಟಿಗೆ ಗುರ್ರೆಂದಿತು. ಅವಳು ಗಂಡನ ಕಡೆ ನೋಡಿ ನಕ್ಕಳು. ಅವನೂ ನಕ್ಕ, ಯಾರೋ ಗಿಲ್ಲಿ ನಗಿಸಿದ ಹಾಗೆ.

ಶನಿವಾರ ಹೊರಡುವುದೆಂದು ತೀರ್ಮಾನವಾಯಿತು. ಶುಕ್ರವಾರ ಮಧ್ಯಾಹ್ನ ಅವಳು ಸಾಮಾನು ಜೋಡಿಸಿ ಗಾಡಿಯ ಕೀಲಿ ತಿರುಗಿಸಿದಳು. ಕೆಮ್ಮು, ಉಗುಳು, ಮೌನ. ಬಾನೆಟ್ ಎತ್ತಿ, ಮೇಸ್ತ್ರಿಯನ್ನು ನೋಡಿ ಕಲಿತಂತೆ ಪ್ಲಗ್ಗುಗಳನ್ನು ಬಿಚ್ಚಿದಳು. ಮಸಿ, ಬಿರುಕು. ಒಂದರಲ್ಲೂ ಬೊಟ್ಟಿಲ್ಲ.

ನೆತ್ತಿಗೇರಿದ ಸಿಟ್ಟಿನಲ್ಲಿ ಅವಳು ಆ ಹಳೆಯ ಪ್ಲಗ್ಗುಗಳನ್ನು ಮುಷ್ಟಿಯಲ್ಲಿ ಹಿಡಿದೇ ಮೇಸ್ತ್ರಿಯ ಗ್ಯಾರೇಜಿಗೆ ನಡೆದಳು. ಅವನು ಯಾವುದೋ ಲಾರಿಯ ಕೆಳಗಿನಿಂದ ತೆವಳಿ ಬಂದ.

"ಇದೇನು?" ಎಂದು ಪ್ಲಗ್ಗುಗಳನ್ನು ಅವನ ಮೂಗಿಗೇ ಹಿಡಿದಳು. "ನಾನು ಗುರುತು ಹಾಕಿ ಕೊಟ್ಟಿದ್ದು ಎಲ್ಲಿ?"

"ಗುರುತು ಹಾಕಿದ್ರಾ? ನನ್ನನ್ನ ಹಿಡಿಯೋಕಾ?" ಅವನ ಮುಖ ಕೆಂಪಾಯಿತು. "ಅಕ್ಕಾ, ಹೊಸದು ಹಾಕಿದ ಮೇಲೆ ನಾನು ನಿಮ್ಮ ಗೇಟು ದಾಟಿಲ್ಲ. ಷೆಡ್ಡಿನ ಬೀಗದ ಕೈ ನನ್ನ ಹತ್ರ ಇಲ್ಲ. ನಿಮ್ಮ ಕಳ್ಳನ್ನ ನಿಮ್ಮ ಮನೇಲೇ ಹುಡುಕಿ."

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಬೀಗದ ಕೈ ಇದ್ದದ್ದು ಇಬ್ಬರ ಬಳಿ. ಒಬ್ಬಳು ತಾನು.

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ತನ್ನ ಅಕ್ಕನ ಮಾತು ಕೊರೆಯತೊಡಗಿತು. ನದಿಗೆ ಹೊರಡುವ ಸುದ್ದಿ ಕೇಳಿ ಫೋನಿನಲ್ಲಿ ಅಕ್ಕ ಕಿಸಕ್ಕೆಂದು ನಕ್ಕು ಹೇಳಿದ್ದಳು: "ಇಷ್ಟು ವರ್ಷ ಬೆಳಿಗ್ಗೆ ಸಂಜೆ ಮುಖ ನೋಡಿದ್ದೇ ಜಾಸ್ತಿಯಾಗಿದೆ ಆ ಮನುಷ್ಯನಿಗೆ. ದಿನವೆಲ್ಲ ಒಂದೇ ದೋಣೀಲಿ ನಿನ್ನ ಜೊತೆ ಕೂರು ಅಂದ್ರೆ ಯಾರಿಗೆ ಬೇಕು?" ಆಗ ಅವಳೂ ನಕ್ಕಿದ್ದಳು. ಈಗ ನಗು ಬರಲಿಲ್ಲ. ಗಂಡ ಗಾಡಿ ಕೆಡಿಸುತ್ತಿದ್ದರೆ ಅದಕ್ಕೆ ಬೇರೆ ಕಾರಣ ಏನಿದ್ದೀತು? ನದಿ ಅವನಿಗೆ ಪ್ರಾಣ. ಹಾಗಾದರೆ ಅವನಿಗೆ ಬೇಡವಾದವಳು ತಾನೇ. ಬೇರೆಯವರ ಮನೆಯ ಕಳ್ಳತನ ಹಿಡಿದಾಗ ಬರುತ್ತಿದ್ದ ಹುರುಪು ಒಂದಿಷ್ಟೂ ಬರಲಿಲ್ಲ.

ಗಂಡ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ. ಅವಳು ಸದ್ದಿಲ್ಲದೆ ಅವನ ಕೆಲಸದ ಮೇಜಿನ ಮುಂದೆ ನಿಂತಳು. ಅಂಗಡಿ ಬಿಡುವಾಗ ತಂದುಕೊಂಡಿದ್ದ ಕನ್ನಡಕದ ಡಬ್ಬಿಗಳನ್ನು ಅವನು ಅಲ್ಲಿ ಸಾಲಾಗಿ ಜೋಡಿಸಿಟ್ಟಿದ್ದ. ಖಾಲಿ ಡಬ್ಬಿ ಎತ್ತಿದರೆ ಹಗುರ. ಒಂದು ಭಾರವಾಗಿತ್ತು. ತೆರೆದಳು. ಗಾಜು ಒರೆಸುವ ಮೆತ್ತನೆಯ ಬಟ್ಟೆಯಲ್ಲಿ ಮಗುವನ್ನು ಸುತ್ತಿದ ಹಾಗೆ ಸುತ್ತಿ ಮಲಗಿಸಿದ್ದ ಹೊಸ ಪ್ಲಗ್ಗುಗಳು. ಕೆಂಪು ಬೊಟ್ಟು ಮಾಸಿರಲಿಲ್ಲ.

"ರೀ," ಎಂದು ಕೂಗಿದಳು.

ಅವನು ಒದ್ದೆ ಕೈಯಲ್ಲೇ ಬಂದ. ಡಬ್ಬಿ ನೋಡಿದ. ಮುಖ ಹುಳ್ಳಗಾಯಿತು.

"ನನ್ನ ಜೊತೆ ಬರೋಕೆ ಇಷ್ಟ ಇಲ್ಲ ಅಂತ ಬಾಯಿಬಿಟ್ಟು ಹೇಳ್ಬಹುದಿತ್ತು," ಎಂದಳು. "ಪಾಪ, ಆ ಮೇಸ್ತ್ರಿ ಮುಂದೆ ನನ್ನ ಮಾನ ಹರಾಜಾಯ್ತು."

"ಅಯ್ಯೋ, ಹಾಗಲ್ಲ ಕಣೇ."

"ಮತ್ತೆ ಹೇಗೆ?"

ಅವನು ಕುರ್ಚಿ ಎಳೆದುಕೊಂಡು ಕೂತ. ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. "ನನಗೆ ದೋಣಿ ನಡೆಸೋಕೆ ಬರಲ್ಲ."

"ಏನು?"

"ಈಜೋಕೂ ಬರಲ್ಲ. ಮೊಣಕಾಲಿಗಿಂತ ಮೇಲೆ ನೀರು ಬಂದ್ರೆ ಜೀವ ಬಾಯಿಗೆ ಬರುತ್ತೆ. ಅವತ್ತು ನೀನು ಮೀಟರ್ ನೋಡೋಕೆ ಬಂದಿದ್ದೆ. ನಿನ್ನನ್ನ ಸ್ವಲ್ಪ ಹೊತ್ತು ನಿಲ್ಲಿಸ್ಕೋಬೇಕು ಅನ್ನಿಸ್ತು. ಬಾಯಿಗೆ ಬಂದ ಬುರುಡೆ ಬಿಟ್ಟೆ."

ಇಷ್ಟು ವರ್ಷ ಊರಿನ ಮೀಟರುಗಳನ್ನೆಲ್ಲ ಜಾಲಾಡಿದವಳು ಬೆಪ್ಪಾಗಿ ನಿಂತಳು. "ಹಾಗಾದ್ರೆ ಆ ನದಿಗಳು? ನೀರಿನ ತಳದ ಕಲ್ಲೆಲ್ಲ ಬೆಳ್ಳಗೆ ಕಾಣುತ್ತೆ ಅಂತಿದ್ರಲ್ಲ, ಅದು?"

"ನಿನಗೆ ಆಪರೇಷನ್ ಆಗಿ ಆಸ್ಪತ್ರೇಲಿದ್ದಾಗ ಹೇಳಿದ್ದು. ನೀನು ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ದೆ. ನದಿ ವಿಷಯ ಎತ್ತಿದ್ರೆ ಮಾತ್ರ ಈ ಕಡೆ ತಿರುಗ್ತಿದ್ದೆ. ದಿನಕ್ಕೊಂದು ನದಿ ಕಟ್ಟಿದೆ. ಒಂದೂ ಇಲ್ಲ ಕಣೇ. ಒಂದನ್ನೂ ನಾನು ನೋಡಿಲ್ಲ."

ಅವಳು ಸಿಟ್ಟಾಗಬೇಕೆಂದುಕೊಂಡಳು, ಆದಳು ಕೂಡ. ಅತ್ತಳು. ಅಳುವಿನಲ್ಲಿ ಎಷ್ಟು ಪಾಲು ದುಃಖ, ಎಷ್ಟು ಪಾಲು ನಿರಾಳ ಎಂದು ಅವಳಿಗೇ ಲೆಕ್ಕ ಸಿಗಲಿಲ್ಲ. ಆಮೇಲೆ ಡಬ್ಬಿ ಎತ್ತಿಕೊಂಡು ಷೆಡ್ಡಿಗೆ ಹೋದಳು. ಪ್ಲಗ್ಗುಗಳನ್ನು ತಾನೇ ತಿರುಗಿಸಿ ಬಿಗಿಮಾಡಿದಳು. ಗಾಡಿ ಗುರ್ರೆಂದಿತು. "ನಾಳೆ ಹೋಗ್ತೀನಿ," ಎಂದಳು. "ಬೇಕಾದ್ರೆ ಬನ್ನಿ. ನಿಜವಾಗಿ ಇರೋ ಒಂದು ನದಿಯನ್ನಾದ್ರೂ ನೋಡ್ತೀನಿ." ಸಂಜೆ ಗ್ಯಾರೇಜಿಗೂ ಹೋಗಿ ಮೇಸ್ತ್ರಿಯ ಕ್ಷಮೆ ಕೇಳಿದಳು. ಅವನು ಪುಸಲಾಯಿಸಲು ಅವಕಾಶವನ್ನೇ ಕೊಡದೆ, ನಾಳೆ ಸಿಟ್ಟು ಇಳಿಸಿಕೊಳ್ಳುತ್ತೇನೆ ಎಂದ.

ಮರುದಿನ ಗಂಡನೂ ಬಂದ. ಸ್ಟಿಯರಿಂಗ್ ಅವಳ ಕೈಯಲ್ಲಿತ್ತು, ಅವನು ಹಿಂದೆ ದೋಣಿಯ ಪಕ್ಕ ಕೂತ. ದೋಣಿ ಕಟ್ಟಿದ್ದ ಹಗ್ಗವನ್ನು ಅವಳು ಕನ್ನಡಿಯಲ್ಲಿ ನೋಡುತ್ತಿದ್ದಳು, ಅವನ ಕೈ ಆ ಗಂಟಿನ ಕಡೆ ಹೋದೀತೇ ಎಂಬ ಗುಮಾನಿ ಇನ್ನೂ ಇತ್ತು. ನದಿ ಅಗಲವಾಗಿತ್ತು, ಮಂದವಾಗಿತ್ತು, ಅವನು ಹೇಳಿದ್ದ ಯಾವುದರ ಹಾಗೂ ಇರಲಿಲ್ಲ. ತೇಲುಜಾಕೆಟ್ ತೊಟ್ಟು ಅವಳೊಬ್ಬಳೇ ದೋಣಿ ಹತ್ತಿ ಹುಟ್ಟು ಹಾಕಿದಳು. ದೋಣಿ ಮುಂದಕ್ಕೆ ಹೋಗಲೊಲ್ಲದು, ಗಿರಕಿ ಹೊಡೆಯಿತು. ಇನ್ನೊಮ್ಮೆ ಹಾಕಿದಳು, ಇನ್ನೊಂದು ಗಿರಕಿ. ದಡದಲ್ಲಿ ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವಳಿಗೂ ನಗು ಬಂತು. ಅಷ್ಟರಲ್ಲಿ ಹರಿವು ದೋಣಿಯನ್ನು ಅಡ್ಡಡ್ಡಲಾಗಿ ಎಳೆಯತೊಡಗಿತು.

ಅವನ ನಗು ನಿಂತಿತು. ದಡದ ಮೇಲಿದ್ದ ಇನ್ನೊಂದು ತೇಲುಜಾಕೆಟ್ ಸಿಕ್ಕಿಸಿಕೊಂಡು, ಚಪ್ಪಲಿ ಸಮೇತ ನೀರಿಗಿಳಿದು ದಡಬಡ ನಡೆದು ಬಂದ. ನೀರು ಮೊಣಕಾಲು ದಾಟಿತು, ಸೊಂಟ ದಾಟಿತು. ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ ಮೇಲೆ ಎಲ್ಲಿ ನಿಂತಿದ್ದೇನೆಂಬುದು ಹೊಳೆದು ಹಾಗೇ ಕಲ್ಲಾದ.

"ಹತ್ತಿ," ಎಂದಳು.

"ಮಗುಚುತ್ತೆ."

"ಮಗುಚಲಿ. ನಿಮ್ಮ ಜೊತೆ ತಾನೇ ಮುಳುಗೋದು."

ಅವನು ಕೂಸಿನ ಹಾಗೆ ಅಂಬೆಗಾಲಿಟ್ಟು ಅವಳ ಹಿಂದೆ ಹತ್ತಿದ. ದೋಣಿ ಓಲಾಡಿತು, ಒಂದಷ್ಟು ನೀರು ಕುಡಿಯಿತು, ನೆಟ್ಟಗಾಯಿತು.

"ಭಯ ಆಗ್ತಿದೆ ಕಣೇ," ಎಂದ. "ಇದು ಮಾತ್ರ ಬುರುಡೆ ಅಲ್ಲ."

ನಿಜವೋ ನಾಟಕವೋ ಎಂದು ತಿರುಗಿ ಅವನ ಮುಖ ನೋಡಲು ಅವಳ ಕತ್ತು ತಾನಾಗಿಯೇ ತುಡಿಯಿತು. ಅವಳು ತಿರುಗಲಿಲ್ಲ.

"ಗೊತ್ತು," ಎಂದು ಹೇಳಿ, ನೀರಿಗೆ ಹುಟ್ಟು ಹಾಕಿದಳು.