ಸ್ವಂತ ಊರು

ಚಹಾ ತೋಟದ ಕೂಲಿಯಾಳುಗಳ ಲೈನು ಮನೆಗಳಲ್ಲಿ ಯಾರನ್ನಾದರೂ ಊರು ಯಾವುದೆಂದು ಕೇಳಿ, ಹುಟ್ಟಿದ ಜಾಗ ಹೇಳುವುದಿಲ್ಲ; ಅಜ್ಜ ಬಿಟ್ಟುಬಂದ ಊರನ್ನೇ ಹೇಳುತ್ತಾರೆ. ಚೈತ್ರಳ ತಾಯಿ ಜಲಜಮ್ಮ ಹುಟ್ಟಿದ್ದು, ಚಿಗುರು ಕೀಳಲು ಕಲಿತದ್ದು ಇಲ್ಲೇ, ಕೊಪ್ಪದ ಈ ಗುಡ್ಡದಲ್ಲೇ. ಘಟ್ಟ ಇಳಿದದ್ದು ಎರಡೇ ಸಲ. ಆದರೂ ಕೇಳಿದವರಿಗೆಲ್ಲ, "ನಮ್ದು ಬೈಂದೂರು."

ತೋಟದ ಲೆಕ್ಕಪತ್ರ ಬರೆಯುವ ರೈಟರ್ ರೇಣುಕಪ್ಪ ಫಾರ್ಮುಗಳ ಕಟ್ಟು ತಂದರು. ಪ್ರವಾಸಿಗರಿಗಾಗಿ ಲೈನು ಕೆಡವಿ ಕಾಟೇಜು ಕಟ್ಟುತ್ತಾರೆ. ಸ್ಥಳೀಯರಿಗೆ ಅಲ್ಲೇ ಕೆಲಸ, ರಸ್ತೆ ಬದಿಗೆ ಹೊಸ ಮನೆ. "ನಿನ್ನ ಅಕ್ಷರ ಚಂದ ಮಾರಾಯ್ತಿ, ನೀನೇ ತುಂಬ್ಸು," ಎಂದರು ಚೈತ್ರಳಿಗೆ.

ಬಾಳಗಡಿಯ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ ಕೂತಿದ್ದ ಚೈತ್ರ ಲೈನಿನ ಹದಿನಾರು ಮನೆಗೂ ಹೋದಳು.

"ಇವ್ಳನ್ನ ಗೈಡ್ ಮಾಡ್ತಾರಂತೆ," ಪಕ್ಕದ ಮನೆಯ ಭಾಗ್ಯ ನಕ್ಕಳು. "ಬಾಯಿ ಬಿಡ್ದೆ ತೋಟ ತೋರ್ಸೋ ಗೈಡು!"

'ಸ್ವಂತ ಊರು' ಎಂಬಲ್ಲಿ ಚೈತ್ರಳ ಪೆನ್ನು ಒಮ್ಮೆ ನಿಂತಿತು. ಇಲ್ಲಿಯದೇ ಬರೆಯಬೇಕಲ್ಲವೇ? ರೇಣುಕಪ್ಪನವರನ್ನು ಕೇಳಬಹುದಿತ್ತು. ಆಫೀಸಿನ ಮೆಟ್ಟಿಲವರೆಗೆ ಹೋದಳು. ಒಳಗೆ ನಾಲ್ಕು ಜನ ಕೂತಿದ್ದರು. ನಾಚಿಕೊಂಡು ವಾಪಸು ಬಂದು, ಅವರವರು ಹೇಳಿದ್ದನ್ನೇ ದುಂಡಗೆ ಬರೆದಳು.

ತಿಂಗಳ ಮೇಲೆ ಚಿಗುರು ತೂಗುವ ಶೆಡ್ಡಿಗೆ ಆಯ್ಕೆಯಾದವರ ಪಟ್ಟಿ ಅಂಟಿಸಿದರು. ಎಲ್ಲರಿಗಿಂತ ಮೊದಲು ಓದಿದವಳು ಚೈತ್ರ. ಅಕ್ಕಪಕ್ಕದ ಹಳ್ಳಿಗಳಾದ ನಾರ್ವೆಯವರಿದ್ದರು, ಶೆಟ್ಟಿಕೊಪ್ಪದವರಿದ್ದರು. ಲೈನಿನವರು ಒಬ್ಬರೂ ಇರಲಿಲ್ಲ.

ಈ ಸಲ ಮೆಟ್ಟಿಲು ಹತ್ತಿದಳು.

"ಹೊರಗಿನವ್ರು ಅಂತ ತೆಗ್ದಿದಾರೆ," ಎಂದರು ರೇಣುಕಪ್ಪ.

"ನಾವು ಇಲ್ಲಿಯವ್ರು ಅಂತ ನಿಮಗೆ ಗೊತ್ತಲ್ಲ ರೈಟ್ರೇ?"

"ನಂಗೆ ಗೊತ್ತಿದ್ದು ಯಾರಿಗೆ ಬೇಕು? ಫಾರ್ಮಿನಲ್ಲಿ ಬೇರೆ ಊರು ಬರ್ದು ಎಲ್ಲರ ಸಹಿ ಉಂಟು, ಹೆಬ್ಬೆಟ್ಟು ಉಂಟು."

"ತಿದ್ದಿ ಕೊಟ್ರೆ?"

"ದಿನ ಮುಗೀತು ಕೂಸೇ. ಹದಿನೈದು ದಿನದಲ್ಲಿ ಲೈನು ಖಾಲಿ ಮಾಡ್ಬೇಕು. ಅವ್ರವ್ರ ಊರಿಗೆ ಹೋಗ್ಲಿ ಅಂತಾರೆ."

ಜಲಜಮ್ಮ ಗುಡ್ಡದ ಅಂಚಿನಲ್ಲಿ ಚಿಗುರು ಕೀಳುತ್ತಿದ್ದಳು. ಚೈತ್ರ ಹೇಳಿ ಮುಗಿಸುವವರೆಗೂ ಅವಳ ಕೈ ನಿಲ್ಲಲಿಲ್ಲ.

"ಉಳಿದವ್ರಿಗೆ ನೀನೇ ಹೇಳಮ್ಮಾ," ಎಂದಳು ಚೈತ್ರ.

"ಬರ್ದೋಳು ನೀನು," ಎಂದಳು ಜಲಜಮ್ಮ, ಮುಖ ಎತ್ತದೆ. "ಹೇಳೋಳೂ ನೀನೇ."

ಭಾಗ್ಯ ಹೊಸ ಮನೆಗೆಂದು ಆಗಲೇ ಪಾತ್ರೆಗಳನ್ನು ಹಳೇ ಸೀರೆಯಲ್ಲಿ ಕಟ್ಟತೊಡಗಿದ್ದಳು. "ಎಂತ ನಿಂತಿದೀಯೆ ಕಂಬದ ಹಾಗೆ? ಈ ತುದಿ ಹಿಡ್ಕ."

ಚೈತ್ರ ಬಗ್ಗಿ ಸೀರೆಯ ತುದಿ ಹಿಡಿದಳು. ಹಿಡಿದುಕೊಂಡೇ ಹೇಳಿದಳು.