ಬಲಗಡೆಯ ಗೀರು

ಇಲಿಯೊಂದು ದಾರಿಯನ್ನು ನೆನಪಿಟ್ಟುಕೊಳ್ಳುವುದು ಮಿದುಳಿನ ಎಡಭಾಗದಲ್ಲಿ ಎಂದು ದೊಡ್ಡ ಮೇಡಂ ಮೂವತ್ತು ವರ್ಷದ ಹಿಂದೆ ಬರೆದಿದ್ದರು. ಅಂದಿನಿಂದ ಅವರ ಪ್ರಬಂಧದ ಹೆಸರೆತ್ತದೆ ಆ ವಿಷಯದಲ್ಲಿ ಯಾರೂ ಬಾಯಿ ತೆರೆಯುವಂತಿರಲಿಲ್ಲ. ಬೇರೆ ಲ್ಯಾಬುಗಳಲ್ಲಿ ಯಾರಿಗಾದರೂ ಬೇರೆ ಉತ್ತರ ಬಂದಿದ್ದರೆ ತಮ್ಮದೇ ತಪ್ಪಿರಬೇಕೆಂದು ಸುಮ್ಮನಾಗಿರುತ್ತಾರೆ. ದೊಡ್ಡ ಹೆಸರಿನ ಮಹಿಮೆಯೇ ಅಂಥದು. ಮುಂದಿನ ತಿಂಗಳು ಮೇಡಂಗೆ ಅಭಿನಂದನೆ ಇತ್ತು. ಶಿಷ್ಯರೆಲ್ಲ ಸೇರಿ ಅವರ ಹಳೆಯ ಸಾಮಾನಿನ ಪ್ರದರ್ಶನ ಇಡಲು ಹೊರಟಿದ್ದರು, ಮೇಡಂ ಇನ್ನೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗಲೇ!

ಅದಕ್ಕೆಂದೇ ಚೂರಿಯಣ್ಣ ತನ್ನ ಹಳೆಯ ನೋಟ್‌ಬುಕ್ ತಂದುಕೊಟ್ಟ. ಲ್ಯಾಬಿನಲ್ಲಿ ಇಲಿಯ ಮಿದುಳನ್ನು ಕೂದಲೆಳೆಯಷ್ಟು ತೆಳ್ಳಗೆ ಸೀಳುತ್ತಿದ್ದವನು ಅವನು, ಹೆಸರು ಬಂದದ್ದೂ ಅದರಿಂದಲೇ. ಸೀಳಿದ ಚೂರು ಗಾಜಿನ ಮೇಲೆ ಮಗುಚಿಬಿದ್ದರೆ ಎಡ ಯಾವುದು, ಬಲ ಯಾವುದು ಯಾರಪ್ಪನಿಗೂ ತಿಳಿಯುವುದಿಲ್ಲ. ಹಾಗಾಗಿ ಸೀಳುವ ಮೊದಲೇ ಮಿದುಳಿನ ಎಡಗಡೆ ಸೂಜಿಯಿಂದ ಒಂದು ಗೀರು ಹಾಕಬೇಕು. ಅದು ಮೇಡಂ ಮಾಡಿದ ಕಟ್ಟಳೆ. ಗೋಡೆಗೆ ಬೋರ್ಡನ್ನೂ ಹಾಕಿಸಿದ್ದರು.

"ಬೋರ್ಡ್ ಬಂದ್ಮೇಲೆ ಎಡಗಡೆ ಶುರು ಮಾಡಿದ್ದು ಮೇಡಂ," ಎಂದ ಚೂರಿಯಣ್ಣ, ಚಹಾ ಆರಿಸಿಕೊಳ್ಳುತ್ತ. "ಮೊದಲ್ನೇ ವರ್ಷ ಪೂರ್ತಿ, ನಿಮಗಿಂತ ಮೊದಲಿದ್ದ ಸಾಹೇಬ್ರು ಕಲಿಸಿದ ಹಾಗೆ ಬಲಗಡೆನೇ ಹಾಕ್ತಿದ್ದೆ. ನಿಮಗೆ ಗೊತ್ತಿತ್ತಲ್ವಾ?"

ಮೇಡಂಗೆ ಗೊತ್ತಿರಲಿಲ್ಲ. ಕೇಳಬೇಕೆಂದೂ ಅವರಿಗೆ ತೋಚಿರಲಿಲ್ಲ. ನೋಟ್‌ಬುಕ್ಕಿನ ಎರಡನೆಯ ಪುಟದಲ್ಲಿ ಗುಂಡಗಿನ ಅಕ್ಷರಗಳಲ್ಲಿ ಬರೆದಿತ್ತು: ‘ಇಲಿ ಒಂದರಿಂದ ನಲವತ್ತು. ಗೀರು ಬಲಗಡೆ.’ ಅವರ ಪ್ರಬಂಧ ನಿಂತಿದ್ದದ್ದು ಅದೇ ನಲವತ್ತು ಇಲಿಗಳ ಮೇಲೆ. ಗೀರಿದ್ದ ಕಡೆಯನ್ನೆಲ್ಲ ಅವರು ಎಡವೆಂದೇ ಎಣಿಸಿದ್ದರು.

ತಮ್ಮ ಹೆಸರು ಮಣ್ಣುಪಾಲಾಯಿತೆಂಬ ಸಂಕಟ ಇಲ್ಲದಿರಲಿಲ್ಲ, ಸುಳ್ಳೇಕೆ ಹೇಳಬೇಕು. ಆದರೆ ಅದಕ್ಕೂ ಮೊದಲು ಕಣ್ಣಮುಂದೆ ಬಂದವನು ಒಬ್ಬ ಶಿಷ್ಯ. ಬೋರ್ಡು ಬಂದ ಮೇಲೆ ಸೇರಿದ್ದ ಅವನು ಅದೇ ಪ್ರಯೋಗವನ್ನು ಮತ್ತೆ ಮಾಡಿ, "ಮೇಡಂ, ನನಗೆ ಬಲಗಡೆ ಬರ್ತಿದೆ," ಎಂದಿದ್ದ. ಮೂರು ಸಲ ಮಾಡಿದ, ಮೂರು ಸಲವೂ ಬಲ. ಕೊನೆಗೆ ಮೇಡಂ ಎಲ್ಲರೆದುರು, "ಎಡ ಬಲ ತಿಳಿಯದ ಎಡಬಿಡಂಗಿ," ಎಂದುಬಿಟ್ಟರು. ಲ್ಯಾಬಿಗೆ ಲ್ಯಾಬೇ ನಕ್ಕಿತು. ಆ ಹೆಸರು ಅವನಿಗೇ ಅಂಟಿಕೊಂಡಿತು. ಆರು ತಿಂಗಳಲ್ಲಿ ಅವನು ಪಿಎಚ್‌ಡಿ ಅರ್ಧಕ್ಕೆ ಬಿಟ್ಟು ಹೋದ. ಹೋಗಬೇಡ ಎಂದು ಮೇಡಂ ಒಂದು ಮಾತೂ ಆಡಲಿಲ್ಲ.

ಮರುದಿನವೇ ಅವರು ಪ್ರಬಂಧ ಹಿಂತೆಗೆಯುವಂತೆ ಪತ್ರಿಕೆಗೆ ಬರೆದರು. ಅಭಿನಂದನೆ ಬೇಡವೆಂದು ಶಿಷ್ಯರಿಗೆ ತಿಳಿಸಿದರು. ಆಮೇಲೆ ಚೂರಿಯಣ್ಣನಿಂದ ವಿಳಾಸ ಇಸಿದುಕೊಂಡು, ಆ ನೋಟ್‌ಬುಕ್ಕನ್ನೂ ಹಿಡಿದು ಹೊರಟರು. ಆ ಹುಡುಗನಿಂದ ಕಿತ್ತುಕೊಂಡದ್ದನ್ನು ಅವನ ಕೈಗೇ ಹಿಂದಿರುಗಿಸಬೇಕೆಂಬ ಒಂದೇ ಹಟ.

ಹುಡುಗನ ತಲೆ ನರೆತಿತ್ತು. ವಿಶ್ವವಿದ್ಯಾಲಯದ ಹಿಂದಿನ ಬೀದಿಯಲ್ಲಿ ಅವನದು ಬೈಂಡಿಂಗ್ ಅಂಗಡಿ. ಬೇರೆಯವರ ಪಿಎಚ್‌ಡಿಗಳಿಗೆ ರಟ್ಟು ಕಟ್ಟುವುದು ಕೆಲಸ. ಅವನು ಪುಟ ಜೋಡಿಸಿ ಪಕ್ಕಕ್ಕಿಡುತ್ತಿದ್ದ, ಹೆಂಡತಿ ಅದೇ ಪುಟಗಳನ್ನು ಮತ್ತೆ ಮೊದಲಿನಿಂದ ತಿರುವಿ ನೋಡುತ್ತಿದ್ದಳು.

"ಇವರು ತಮ್ಮ ಕಣ್ಣನ್ನೇ ನಂಬಲ್ಲಮ್ಮಾ," ಎಂದಳು ಅವಳು ನಗುತ್ತ, ಬಂದವರಿಗೆ ಸ್ಟೂಲು ಸರಿಸಿ. "ಮದುವೆಯಾದಾಗಿಂದ ನೋಡ್ತಿದೀನಿ. ಬೀಗ ಹಾಕಿದ್ರೂ ನಾನೇ ಎಳೆದು ನೋಡ್ಬೇಕು."

ಮೇಡಂ ಕೂರಲಿಲ್ಲ.

"ಅವತ್ತು ನೀನು ನೋಡಿದ್ದೇ ಸರಿ ಕಣಪ್ಪಾ," ಎಂದರು. "ತಪ್ಪು ನಂದು. ಪತ್ರಿಕೆಗೆ ಬರೆದಿದೀನಿ, ನಿನ್ನ ಹೆಸರು ಹಾಕಿಯೇ ಬರೆದಿದೀನಿ. ಇಲ್ಲಿ ನೋಡು."

ಅವನು ಅಂಟು ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡು ನೋಟ್‌ಬುಕ್ ತೆಗೆದುಕೊಂಡ. ಸಾಲಿನ ಕೆಳಗೆ ಬೆರಳಿಟ್ಟು ಓದಿದ. ಮತ್ತೊಮ್ಮೆ ಓದಿದ. ಕಣ್ಣು ತುಂಬಿ ಬಂತು. ಪುಸ್ತಕವನ್ನು ಹೆಂಡತಿಯ ಕಡೆಗೆ ಚಾಚಿದ.

"ನೀನೊಂದ್ಸಲ ನೋಡಿ ಹೇಳೇ," ಎಂದ. "ಬಲ ಅಂತಾನೇ ಇದೆಯಾ?"